ಹೊಲಿಗೆಯ ಗಾಯ ಮತ್ತು ನಂಜು

'ನಂಜು' ಎಂಬುದು ಅಚ್ಚಕನ್ನಡದ ಮಾತು. ವಿಷವೆಂದು ಅದರ ಮೂಲಾರ್ಥ. ವಿಷವನ್ನು ಉಂಡ ದೇವರು ನಂಜುಂಡ. ಆತನು ನೆಲಸಿದ ಊರು ನಂಜನಗೂಡು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷವೈದ್ಯವನ್ನೇ ವಸ್ತುವಾಗಿ ಮಾಡಿಕೊಂಡು 'ಖಗೇಂದ್ರಮಣಿದರ್ಪಣ'ವೆಂಬ ಗ್ರಂಥವನ್ನು ಪದ್ಯದಲ್ಲಿ ರಚಿಸಿದನು. ಆದರೆ ನಮ್ಮ ಮನೆಗಳ ಮಾತಿನಲ್ಲಿ ನಂಜಿಗೆ ಇನ್ನೂ ಎರಡು ಅರ್ಥಗಳುಂಟು. ಗಾಯ ಕೆಂಪೇರಿ, ಬಾತು, ಕೀವು ತುಂಬಿದರೆ 'ನಂಜಾಯಿತು' ಎನ್ನುತ್ತೇವೆ. ಬದನೆಕಾಯಿ, ಕುಂಬಳಕಾಯಿ, ಒಣಮೀನುಗಳಿಗೆ ಕೈಹಾಕಿದ ರೋಗಿಯನ್ನು 'ಅದು ನಂಜು, ಬೇಡ' ಎಂದು ತಡೆಯುತ್ತೇವೆ. ಒಂದೇ ಮಾತಿನಲ್ಲಿ ಈ ಎರಡು ಅರ್ಥಗಳು ಕೂಡಿಕೊಂಡುದರಿಂದ ಒಂದು ಅನರ್ಥವೂ ಆಗಿದೆ. ಗಾಯದಲ್ಲಿ ಕೀವು ಕಂಡೊಡನೆ ನಮ್ಮ ಗುಮಾನಿ ಅಡುಗೆಮನೆಯ ಕಡೆಗೆ ಓಡುತ್ತದೆ. ಆ ಗಾಯವನ್ನು ಮುಟ್ಟಿದ ಕೈಯ ಕಡೆಗೆ ಓಡುವುದಿಲ್ಲ.

ಶಿವಮೊಗ್ಗದಿಂದ ಭದ್ರಾವತಿಯ ಕಡೆಗೆ ಹೋಗುವಲ್ಲಿ ಇರುವ ಸೋಗಾನೆಯು ಈಗ ವಿಮಾನ ನಿಲ್ದಾಣದ ಊರೆಂದೇ ಪ್ರಸಿದ್ಧವಾಗಿದೆ. ೨೦೨೩ನೆಯ ಇಸವಿ ಫೆಬ್ರವರಿ ೨೭ರಂದು ಉದ್ಘಾಟನೆಗೊಂಡ ಆ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿದೆ. ಆ ಊರಿನ ನನ್ನ ಪರಿಚಯದ ರೈತರೊಬ್ಬರಿಗೆ ಹರ್ನಿಯಾ, ಎಂದರೆ ಕರುಳು ಜಾರುವ ಬೇನೆ, ಬಹುದಿನಗಳಿಂದ ಇದ್ದಿತು. ಕಡೆಗೆ ಧೈರ್ಯ ಮಾಡಿ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಆಸ್ಪತ್ರೆಯಲ್ಲಿ ಎಲ್ಲವೂ ಚೊಕ್ಕಟವಾಗಿ ನಡೆದು, ಮೂರನೆಯ ದಿನ ಮನೆಗೆ ಬಂದರು. ನೋಡಿಹೋಗಲು ನೆಂಟರಿಷ್ಟರು ಬಂದರು. ಬಂದವರಿಗೆಲ್ಲ ಪಟ್ಟಿ ಎತ್ತಿ ಹೊಲಿಗೆ ತೋರಿಸಿದ್ದಾಯಿತು. ವೃದ್ಧೆಯಾದ ತಾಯಿ ಮಗನ ಮೇಲಿನ ಮಮತೆಯಿಂದ ಕಟ್ಟುನಿಟ್ಟಾದ ಪಥ್ಯ ಹಿಡಿಸಿದರು. ಗಂಜಿ, ಮೆಣಸಿನ ಸಾರು, ಸುಟ್ಟ ಹಪ್ಪಳ, ಇಷ್ಟೇ. ಬೇಳೆ ವಾಯು, ಮೊಸರು ಶೀತ, ಮೊಟ್ಟೆ ಉಷ್ಣ, ಬದನೆ ನಂಜು. ಐದನೆಯ ದಿನ ಹೊಲಿಗೆಯ ಅಂಚು ಕೆಂಪಗೆ ಕಂಡಾಗ ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಸವರಿದರು. ನೋವು ಹೆಚ್ಚಿತು. ಭಾವಮೈದುನನ ಮನೆಯಲ್ಲಿ ಹಿಂದೆಂದೋ ಉಳಿದಿದ್ದ ನಾಲ್ಕು ಕ್ಯಾಪ್ಸೂಲುಗಳನ್ನು ತಂದು ನುಂಗಿದರು. ಒಂದು ದಿನ ಇಳಿದಂತೆ ಕಂಡ ನೋವು ಮತ್ತೆ ಏರಿತು. ಹತ್ತನೆಯ ದಿನ ಚಳಿಜ್ವರ ಬಂದು, ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಬೇಕಾಯಿತು.

ನಾನು ನೋಡಲು ಹೋದಾಗ ಆ ತಾಯಿ ಕಣ್ಣೊರಸಿಕೊಂಡು ಕೇಳಿದ್ದಿಷ್ಟು: "ಮೇಷ್ಟ್ರೇ, ಪಥ್ಯ ಒಂದು ಚೂರೂ ತಪ್ಪಿಲ್ಲ. ಬದನೆಕಾಯಿ ಮನೆಯೊಳಗೇ ತಂದಿಲ್ಲ. ಮತ್ತೆ ಈ ನಂಜು ಎಲ್ಲಿಂದ ಬಂತು?" ಅಂದು ನಾನು ಕೊಟ್ಟ ಉತ್ತರ ನನಗೇ ತೃಪ್ತಿಯಾಗಲಿಲ್ಲ. ನಾನು ವೈದ್ಯನಲ್ಲ, ಆದರೆ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಈಗ ನಿಮ್ಮ ಮುಂದಿಡುತ್ತೇನೆ. ಮುಂದೊಂದು ದಿನ ನಿಮ್ಮ ಮನೆಗೂ ಹೊಲಿಗೆ ಹಾಕಿಸಿಕೊಂಡವರು ಬರಬಹುದಲ್ಲವೆ?

ನಂಜು ಬರುವುದು ತಟ್ಟೆಯಿಂದಲ್ಲ, ಚರ್ಮದಿಂದ. ನಮ್ಮ ಚರ್ಮದ ಮೇಲೆ, ಮೂಗಿನೊಳಗೆ, ಉಗುರಿನ ಸಂದಿಯಲ್ಲಿ ಅಸಂಖ್ಯಾತ ಸೂಕ್ಷ್ಮಜೀವಿಗಳು ವಾಸಮಾಡುತ್ತವೆ. ಚರ್ಮವೆಂಬ ಕೋಟೆ ಮುರಿಯದಿರುವ ತನಕ ಅವುಗಳಿಂದ ನಮಗೆ ಬಾಧೆಯಿಲ್ಲ. ಶಸ್ತ್ರವೈದ್ಯನ ಕತ್ತಿ ಆ ಕೋಟೆಯಲ್ಲಿ ಬಾಗಿಲೊಂದನ್ನು ತೆರೆಯುತ್ತದೆ. ಹೊಲಿಗೆಯ ಗಾಯಗಳಲ್ಲಿ ಕೀವು ಹುಟ್ಟಿಸುವವುಗಳಲ್ಲಿ ಮುಖ್ಯವಾದ ಒಂದು ಸೂಕ್ಷ್ಮಜೀವಿಗೆ ಸ್ಟ್ಯಾಫಿಲೋಕಾಕಸ್ ಎಂದು ಹೆಸರು. ದ್ರಾಕ್ಷಿಯ ಗೊಂಚಲು ಎಂಬರ್ಥದ ಗ್ರೀಕ್ ಶಬ್ದದಿಂದ ಬಂದುದು. ಸೂಕ್ಷ್ಮದರ್ಶಕದಲ್ಲಿ ಹಾಗೆಯೇ ಕಾಣುತ್ತದೆಯಂತೆ. ಸುಮಾರು ಮೂರು ಜನರಲ್ಲಿ ಒಬ್ಬರ ಮೂಗಿನಲ್ಲಿ ಅದು ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಮೂಗು ಒರಸಿದ ಕೈಯಿಂದಲೇ ಪಟ್ಟಿ ಎತ್ತಿ ನೋಡಿದರೆ ಅದು ಗಾಯದೊಳಕ್ಕೆ ಇಳಿಯುತ್ತದೆ. ಕರುಳಿನ ಶಸ್ತ್ರಕ್ರಿಯೆಯಲ್ಲಾದರೆ ಕರುಳಿನೊಳಗಿನ ಸೂಕ್ಷ್ಮಜೀವಿಗಳೇ ಗಾಯಕ್ಕೆ ತಾಕಬಹುದು. ಅಂತಹ ಕಡೆ ಅಪಾಯ ಮೊದಲಿನಿಂದಲೇ ಹೆಚ್ಚು.

ಈ ವಿಚಾರದಲ್ಲಿ ನಮ್ಮ ಪ್ರಾಚೀನರು ಏನು ಹೇಳಿದ್ದಾರೆಂದು ನೋಡುವ ಚಪಲ ನನ್ನಂಥವನಿಗೆ ಸಹಜ. ಸುಶ್ರುತ ಸಂಹಿತೆಯಲ್ಲಿ ವ್ರಣವಾದವನ ಆರೈಕೆಗೆಂದೇ ಒಂದು ಅಧ್ಯಾಯವಿದೆ. ವ್ರಣಿತೋಪಾಸನೀಯವೆಂದು ಅದರ ಹೆಸರು. ಗಾಯಾಳು ಉಗುರು ಕೂದಲುಗಳನ್ನು ಗಿಡ್ಡವಾಗಿ ಕತ್ತರಿಸಿಕೊಂಡು, ಶುಚಿಯಾಗಿ, ಬಿಳಿಯ ಬಟ್ಟೆಯುಟ್ಟು ಇರಬೇಕೆಂದೂ, ಸಾಸಿವೆ, ಬೇವಿನೆಲೆ, ತುಪ್ಪ, ಉಪ್ಪುಗಳ ಧೂಪವನ್ನು ದಿನಕ್ಕೆ ಎರಡಾವೃತ್ತಿ ಹತ್ತು ದಿವಸ ಹಾಕಬೇಕೆಂದೂ ಅಲ್ಲಿ ವಿಧಿಸಿದೆ. ಕಾರಣವನ್ನೂ ಕೊಟ್ಟಿದೆ: ರಕ್ತಮಾಂಸಗಳ ಆಸೆಯಿಂದ ನಿಶಾಚರರು ಗಾಯಾಳುವನ್ನು ಹುಡುಕಿಕೊಂಡು ಬರುತ್ತಾರೆ ಎಂದು. ಕಣ್ಣಿಗೆ ಕಾಣದ ಯಾವುದೋ ಒಂದು ಹೊರಗಿನಿಂದ ಗಾಯಕ್ಕೆ ಬಂದು ಮುತ್ತುತ್ತದೆಂಬ ಊಹೆ ಎಷ್ಟು ಹಳೆಯದು ನೋಡಿ! ಇದನ್ನು ಹಿಡಿದುಕೊಂಡು ಸುಶ್ರುತನಿಗೆ ಸೂಕ್ಷ್ಮಜೀವಿಶಾಸ್ತ್ರ ತಿಳಿದಿತ್ತೆಂದು ಸಾರುವವರ ಗುಂಪಿಗೆ ನಾನು ಸೇರಿದವನಲ್ಲ. ಆತನು ಕಂಡದ್ದನ್ನು ಕಂಡಂತೆ ಬರೆದ. ಕಾರಣವನ್ನು ತನ್ನ ಕಾಲಕ್ಕೆ ತಕ್ಕಂತೆ ಹೇಳಿದ. ವಿಚಿತ್ರವೆಂದರೆ, ನಮ್ಮ ಮನೆಗಳಲ್ಲಿ ಬಾಣಂತಿಗೂ ಕೂಸಿಗೂ ಹೊಗೆ ಹಾಕುವ ಪದ್ಧತಿ ಇಂದಿಗೂ ಉಳಿದಿದೆ. ಆರೈಕೆ ಮಾಡುವವರು ಉಗುರು ಕತ್ತರಿಸಿಕೊಳ್ಳುವ ಪದ್ಧತಿ ಮಾತ್ರ ಉಳಿಯಲಿಲ್ಲ.

ಕೈಯೇ ನಂಜನ್ನು ಹೊತ್ತು ತರುತ್ತದೆಂದು ಲೆಕ್ಕವಿಟ್ಟು ತೋರಿಸಿದವನು ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿದ್ದ ಸೆಮ್ಮೆಲ್‌ವೈಸ್ ಎಂಬ ವೈದ್ಯ. ಅಲ್ಲಿನ ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದು ಪರೀಕ್ಷಿಸಿ ನೇರವಾಗಿ ಹೆರಿಗೆಯ ಕೋಣೆಗೆ ಬರುತ್ತಿದ್ದರು. ೧೮೪೭ರ ಏಪ್ರಿಲಿನಲ್ಲಿ ಅವರ ವಿಭಾಗದಲ್ಲಿ ನೂರಕ್ಕೆ ೧೮ರಷ್ಟು ಬಾಣಂತಿಯರು ಸತ್ತರು. ಆತನು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರತಕ್ಕದ್ದೆಂದು ಕಟ್ಟುಮಾಡಿದ. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಇಷ್ಟಾದರೂ ಹಿರಿಯ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಸಭ್ಯರ ಕೈ ಕೊಳಕೆಂದರೆ ಯಾರಿಗೆ ತಾನೆ ರುಚಿಸೀತು? ೧೮೬೫ರ ಆಗಸ್ಟ್ ೧೩ರಂದು ಆತನು ಮಾನಸಿಕ ರೋಗಿಗಳ ಆಸ್ಪತ್ರೆಯೊಂದರಲ್ಲಿ, ಗಾಯದ ನಂಜೇರಿಯೇ ತೀರಿಕೊಂಡ.

ಅದರ ಹಿಂದಿನ ದಿನವೇ, ಆಗಸ್ಟ್ ೧೨ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರನು ಗಾಡಿಯ ಚಕ್ರ ಹರಿದು ಕಾಲು ಮುರಿದಿದ್ದ ಹನ್ನೊಂದು ವರ್ಷದ ಹುಡುಗನಿಗೆ ಚಿಕಿತ್ಸೆ ಮಾಡಿದ. ಮೂಳೆ ಚರ್ಮವನ್ನು ಸೀಳಿ ಹೊರಬಂದರೆ ಕಾಲನ್ನೇ ಕತ್ತರಿಸುತ್ತಿದ್ದ ಕಾಲವದು. ಲಿಸ್ಟರನು ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಮೇಲಿಟ್ಟು ಕಟ್ಟಿದ. ಆರು ವಾರಗಳಲ್ಲಿ ಹುಡುಗ ಗುಣವಾದ, ಕಾಲೂ ಉಳಿಯಿತು. ಕಾರ್ಬಾಲಿಕ್ ಆಮ್ಲವನ್ನು ಕಲ್ಲಿದ್ದಲಿನ ಡಾಂಬರಿನಿಂದ ತೆಗೆಯುತ್ತಿದ್ದರು. ಭದ್ರಾವತಿಯವರಿಗೆ ಡಾಂಬರಿನ ಮಾತು ಹೊಸದಲ್ಲ. ಅಲ್ಲಿಯ ಕಬ್ಬಿಣದ ಕಾರ್ಖಾನೆಯಲ್ಲಿ ಹಿಂದೆ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲು ಮಾಡುವಾಗ ಮರದ ಡಾಂಬರು ದೊರೆಯುತ್ತಿತ್ತು. ಕೆಂಪು ಲೈಫ್‌ಬಾಯ್ ಸಾಬೂನಿನ ಹಳೆಯ ವಾಸನೆ ನೆನಪಿರುವವರು ಲಿಸ್ಟರನ ಆಸ್ಪತ್ರೆಯ ವಾಸನೆಯನ್ನೂ ಊಹಿಸಿಕೊಳ್ಳಬಹುದು.

ಮುಂದೆ ಸೂಕ್ಷ್ಮಜೀವಿಗಳನ್ನು ಗಾಯದಲ್ಲಿ ಕೊಲ್ಲುವುದಕ್ಕಿಂತ ಅವು ಗಾಯಕ್ಕೆ ಬಾರದಂತೆ ನೋಡಿಕೊಳ್ಳುವುದೇ ಮೇಲೆಂದು ಶಸ್ತ್ರವೈದ್ಯರು ಕಂಡುಕೊಂಡರು. ಉಪಕರಣಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ಯಂತ್ರ ಬಂತು. ನಿಮ್ಮ ಅಡುಗೆಮನೆಯ ಕುಕ್ಕರಿಗೆ ಅದು ಅಣ್ಣನೆನ್ನಬಹುದು; ಸುಮಾರು ೧೨೧ ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಅದರೊಳಗೆ ಯಾವ ಸೂಕ್ಷ್ಮಜೀವಿಯೂ ಬದುಕಿ ಉಳಿಯದು. ಇಷ್ಟೆಲ್ಲ ಇದ್ದರೂ, ಭಾರತದಂತಹ ಮಧ್ಯಮ ಆದಾಯದ ಮತ್ತು ಬಡ ದೇಶಗಳಲ್ಲಿ ಶಸ್ತ್ರಕ್ರಿಯೆಯಾದವರ ಪೈಕಿ ನೂರಕ್ಕೆ ಸುಮಾರು ೧೧ ಮಂದಿಗೆ ಗಾಯದ ಸೋಂಕು ತಗಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರಲ್ಲಿ ಹೇಳಿತು. ಆಸ್ಪತ್ರೆಯಲ್ಲಿ ಒಂದೇ ಒಂದು ಕೊಂಡಿ ಕಳಚಿದರೂ ಅನಾಹುತವಾಗಬಹುದು. ೨೦೧೯ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆಯ ಶಸ್ತ್ರಕ್ರಿಯೆಗೆ ಒಳಗಾದ ಹಲವರಿಗೆ ಸೋಂಕು ತಗಲಿ, ಕೆಲವರು ಆ ಕಣ್ಣಿನ ದೃಷ್ಟಿಯನ್ನೇ ಕಳೆದುಕೊಂಡರು. ಶಸ್ತ್ರಕ್ರಿಯೆಯ ವೇಳೆ ಕಣ್ಣಿನೊಳಗೆ ಬಳಸಿದ ದ್ರಾವಣದ ಮೇಲೆ ಅನುಮಾನ ಬಿದ್ದಿತು. ಕಣ್ಣಿನ ವಿಚಾರದಲ್ಲಿ ಒಂದು ಮಾತನ್ನು ಮರೆಯಬೇಡಿ. ಶಸ್ತ್ರಕ್ರಿಯೆಯಾದ ಕಣ್ಣು ಕೆಂಪೇರಿ, ನೋವು ಹೆಚ್ಚಿ, ನೋಟ ಮಂದವಾದರೆ ಬೆಳಗಾಗಲೆಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಆಸ್ಪತ್ರೆಯೊಳಗಿನ ಶುಚಿತ್ವವನ್ನು ನೀವು ನಾನು ನಡೆಸಲಾರೆವು. ಆದರೆ ಶಸ್ತ್ರಕ್ರಿಯೆಗೆ ಮೊದಲು ನಮ್ಮ ಪಾಲಿನ ಕೆಲಸ ಕೆಲವಿವೆ. ಹಿಂದಿನ ರಾತ್ರಿ ಅಥವಾ ಆ ದಿನ ಬೆಳಗ್ಗೆ ಸಾಬೂನು ಹಚ್ಚಿ ಚೆನ್ನಾಗಿ ಸ್ನಾನ ಮಾಡಬೇಕು. ವೈದ್ಯರಿಗೆ ಸಹಾಯವಾಗಲೆಂದು ಮನೆಯಲ್ಲೇ ಬ್ಲೇಡು ಹಿಡಿದು ಕೂದಲು ಬೋಳಿಸಿಕೊಂಡು ಹೋಗುವವರುಂಟು, ಇದು ತಪ್ಪು. ಬ್ಲೇಡಿನಿಂದಾಗುವ ಕಣ್ಣಿಗೆ ಕಾಣದ ಗೀರುಗಳೇ ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತವೆ. ತೆಗೆಯಲೇಬೇಕಾದರೆ ಆಸ್ಪತ್ರೆಯವರು ಯಂತ್ರದಿಂದ ಕತ್ತರಿಸುತ್ತಾರೆ. ಬೀಡಿ ಸಿಗರೇಟುಗಳನ್ನು ಕಡೆಯ ಪಕ್ಷ ನಾಲ್ಕು ವಾರ ಮೊದಲೇ ಬಿಡಬೇಕು. ಹೊಗೆ ಸೇದುವವನ ಗಾಯಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬಾರದು. ರಕ್ತದಲ್ಲಿ ಸಕ್ಕರೆ ಏರಿದ್ದಾಗ ಸೋಂಕನ್ನು ಎದುರಿಸುವ ಬಿಳಿಯ ರಕ್ತಕಣಗಳು ಸೋಮಾರಿಗಳಾಗುತ್ತವೆ. ಇನ್ನು, ಕತ್ತಿ ತಾಗುವ ಮುನ್ನ ಎರಡು ಗಂಟೆಗಳೊಳಗೆ ಕೊಡುವ ಒಂದು ಚುಚ್ಚುಮದ್ದು ಬಹಳ ಶಸ್ತ್ರಕ್ರಿಯೆಗಳಲ್ಲಿ ಅವಶ್ಯಕ. ಆ ಮದ್ದು ಕೊಯ್ಯುವ ಹೊತ್ತಿಗೆ ರಕ್ತದಲ್ಲಿ ಸಿದ್ಧವಾಗಿರಬೇಕು. ಸೋಂಕಿಲ್ಲದ ಗಾಯಕ್ಕೆ ಆಮೇಲೆ ವಾರಗಟ್ಟಲೆ ಮಾತ್ರೆ ನುಂಗಿದರೆ ಹೆಚ್ಚಿನ ರಕ್ಷಣೆಯಿಲ್ಲ. ಕೆಲವು ರೋಗಿಗಳು 'ಡಾಕ್ಟರು ಪವರಿನ ಮಾತ್ರೆಯನ್ನೇ ಬರೆಯಲಿಲ್ಲ' ಎಂದು ಬೇಸರಪಡುತ್ತಾರೆ; ಬರೆಯದಿದ್ದುದೇ ವೈದ್ಯರ ಜಾಣ್ಮೆ.

ಈಗ ಮನೆಗೆ ಬರೋಣ. ನಮ್ಮ ರೈತರ ಮನೆಯಲ್ಲಿ ಎಡವಟ್ಟಾದುದು ಇಲ್ಲಿಯೇ. ಮೊದಲ ನಲವತ್ತೆಂಟು ಗಂಟೆಗಳ ಕಾಲ ಆಸ್ಪತ್ರೆಯವರು ಹಾಕಿದ ಪಟ್ಟಿಯನ್ನು ಮುಟ್ಟಬಾರದು. ಅಷ್ಟರಲ್ಲಿ ಹೊಲಿಗೆಯ ಅಂಚುಗಳು ಕೂಡಿಕೊಂಡು, ಚರ್ಮ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಳ್ಳತೊಡಗುತ್ತದೆ. ಆಮೇಲೆ ವೈದ್ಯರು ಬೇಡವೆನ್ನದಿದ್ದರೆ ಮೈಮೇಲೆ ನೀರು ಹಾಕಿಕೊಂಡು ಸ್ನಾನ ಮಾಡಬಹುದು. ಗಾಯವನ್ನು ಉಜ್ಜದೆ, ಒಗೆದು ಒಣಗಿಸಿದ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಮುಳುಗಿ ಸ್ನಾನ ಕೂಡದು. ಶಸ್ತ್ರಕ್ರಿಯೆ ಸುಸೂತ್ರವಾಗಿ ಆದರೆ ಕೂಡಲಿಗೆ ಹೋಗಿ ತುಂಗಭದ್ರಾ ಸಂಗಮದಲ್ಲಿ ಮೀಯುತ್ತೇನೆಂದು ಹರಕೆ ಹೊತ್ತವರು ಗಾಯ ಪೂರ್ತಿ ಮಾಯುವ ತನಕ ಕಾಯಲಿ. ದೇವರಿಗೆ ಅವಸರವಿಲ್ಲ.

ಗಾಯವನ್ನು ನೋಡಿಕೊಳ್ಳುವವರು ಒಬ್ಬರೇ ಇರುವುದು ಲೇಸು. ಅವರು ಪ್ರತಿಸಾರಿಯೂ ಮುಟ್ಟುವ ಮುಂಚೆ ಸಾಬೂನಿನಿಂದ ಬೆರಳಸಂದಿಗಳ ಸಹಿತ ಕೈ ತೊಳೆಯಬೇಕು. ಮುಟ್ಟಿದ ಮೇಲೂ ತೊಳೆಯಬೇಕು. ತೊಳೆದ ಕೈಯನ್ನು ಸೆರಗಿಗೋ ಹೆಗಲ ಮೇಲಿನ ಟವಲಿಗೋ ಒರಸಿಕೊಂಡರೆ ತೊಳೆದುದು ವ್ಯರ್ಥ. ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಒಂದು ಸಮಸ್ಯೆ. ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಅರೆ ಒಣಗಿ ಮುಗ್ಗುಲು ಹಿಡಿದ ಬಟ್ಟೆಯನ್ನು ಗಾಯದ ಹತ್ತಿರ ಬಿಡಬೇಡಿ. ಇಸ್ತ್ರಿ ಹಾಕಿ ತೇವವಾರಿಸಿ ಕೊಡಿ. ಅರಿಸಿನ, ಕಾಫಿಪುಡಿ, ಸುಣ್ಣ, ವಿಭೂತಿ, ಬೇರಿನ ರಸ, ಇವು ಯಾವುವೂ ಹೊಲಿಗೆಯ ಮೇಲೆ ಬೀಳಕೂಡದು. ಅರಿಸಿನಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಉಂಟೆಂದು ಕೆಲವರು ವಾದಿಸುತ್ತಾರೆ. ಇರಬಹುದು, ಆದರೆ ಒಗ್ಗರಣೆ ಡಬ್ಬಿಯ ಅರಿಸಿನ ಹಬೆಯಲ್ಲಿ ಬೆಂದು ಶುದ್ಧವಾದುದಲ್ಲ. ಅದರ ಹಳದಿ ಬಣ್ಣದಡಿಯಲ್ಲಿ ಚರ್ಮದ ಕೆಂಪೂ ಮರೆಯಾಗಿ, ನೋಡಬೇಕಾದ ಲಕ್ಷಣವೇ ಕಾಣದೆ ಹೋಗುತ್ತದೆ. ಸೋಗಾನೆಯಲ್ಲಿ ಆದುದೂ ಇದೇ.

ಸಿಸೇರಿಯನ್ ಆದ ಬಾಣಂತಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಬಾಣಂತನದ ವಿಧಿಗಳೆಲ್ಲ ಸಹಜ ಹೆರಿಗೆಯ ಕಾಲದಲ್ಲಿ ಹುಟ್ಟಿಕೊಂಡವು. ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯುವುದು, ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದು, ಕಂಬಳಿ ಹೊದಿಸಿ ಬೆವರಿಸುವುದು, ಹೊಗೆ ಹಾಕುವುದು. ಸಿಸೇರಿಯನ್ನಿನ ಗಾಯವಿರುವುದು ಕಿಬ್ಬೊಟ್ಟೆಯ ಮಡಿಕೆಯಲ್ಲಿ. ಅಲ್ಲಿ ಎಣ್ಣೆ, ನೀರು, ಬೆವರು ನಿಂತು, ಮೇಲೆ ಬಟ್ಟೆಯ ಬಿಗಿತವೂ ಸೇರಿದರೆ ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಹಿತವಾದ ತಾಣ ಬೇಕೆ? ಮೈಗೆ ನೀರು ಹಾಕಲಿ, ಆದರೆ ಗಾಯದ ಹತ್ತಿರ ಎಣ್ಣೆ ಬೇಡ. ಮಡಿಕೆಯನ್ನು ಎತ್ತಿ ಚೆನ್ನಾಗಿ ಒಣಗಿಸಲಿ. ಮುಚ್ಚಿದ ಕೋಣೆಯಲ್ಲಿ ಹಾಕುವ ಹೊಗೆ ಗಾಯಕ್ಕೆ ಔಷಧವಲ್ಲ, ಕೂಸಿನ ಎಳೆಯ ಶ್ವಾಸಕೋಶಕ್ಕಂತೂ ಕೇಡು. ಹೆರಿಗೆಯ ಸ್ರಾವ ದುರ್ನಾತ ಹೊಡೆದರೆ, ಕೆಳಹೊಟ್ಟೆ ನೋವಿನೊಡನೆ ಜ್ವರ ಬಂದರೆ 'ಹಾಲು ಕಟ್ಟಿದ ಜ್ವರ' ಎಂದು ಮನೆಯಲ್ಲೇ ತೀರ್ಮಾನಿಸಿಕೊಳ್ಳಬೇಡಿ. ಬಾಣಂತಿಯರ ಜೀವ ಹೋಗುವ ದಾರಿಗಳಲ್ಲಿ ಇದೂ ಒಂದು.

ಪಥ್ಯದ ವಿಚಾರಕ್ಕೆ ಬರುತ್ತೇನೆ. ಹಿರಿಯರು ಮುನಿಸಿಕೊಳ್ಳಬಾರದು. ಕಡಿದ ಚರ್ಮ, ಮಾಂಸಗಳು ಮತ್ತೆ ಬೆಸೆದುಕೊಳ್ಳಬೇಕಾದರೆ ಶರೀರಕ್ಕೆ ಪ್ರೋಟೀನ್ ಬೇಕು. ಸೂಕ್ಷ್ಮಜೀವಿಗಳೊಡನೆ ಹೋರಾಡುವುದಕ್ಕೂ ಅದೇ ಬೇಕು. ಅದು ಇರುವುದು ಬೇಳೆ, ಹೆಸರುಕಾಳು, ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ. ಗಂಜಿಯ ತಿಳಿಯಲ್ಲಿ ಅಲ್ಲ. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವವೂ ಗಾಯ ಬೆಸೆಯಲು ಅವಶ್ಯ. ನಾವು ನಂಜೆಂದು ತೆಗೆದಿಟ್ಟ ಪದಾರ್ಥಗಳ ಪಟ್ಟಿಯಲ್ಲಿ ಗಾಯಕ್ಕೆ ಬೇಕಾದುವೇ ಬಹಳವಿವೆ. ಬದನೆಕಾಯಿ ತಿಂದರೆ ಕೆಲವರಿಗೆ ಮೈ ನವೆಯಾಗುವುದುಂಟು; ಅಂಥವರು ಬಿಡಲಿ. ಬದನೆಯಿಂದ ಹೊಲಿಗೆಯಲ್ಲಿ ಕೀವಾಗುವುದಿಲ್ಲ. ಕರುಳಿನ ಶಸ್ತ್ರಕ್ರಿಯೆಯಾದವರು, ಮೂತ್ರಪಿಂಡದ ರೋಗವಿರುವವರು ಮಾತ್ರ ವೈದ್ಯರು ಹೇಳಿದ ಕ್ರಮವನ್ನೇ ಅನುಸರಿಸಬೇಕು.

ನೋಡಬೇಕಾದ ಲಕ್ಷಣಗಳು ಹೆಚ್ಚೇನೂ ಇಲ್ಲ. ಶಸ್ತ್ರಕ್ರಿಯೆಯ ನೋವು ದಿನದಿನಕ್ಕೆ ಇಳಿಯಬೇಕು. ಇಳಿದ ನೋವು ಮತ್ತೆ ಏರತೊಡಗಿದರೆ, ಹೊಲಿಗೆಯ ಸುತ್ತಣ ಕೆಂಪು ಹರಡುತ್ತ ಹೋದರೆ, ಮುಟ್ಟಿದರೆ ಬಿಸಿಯಾಗಿದ್ದರೆ, ಕೀವು ಅಥವಾ ದುರ್ವಾಸನೆಯ ನೀರು ಒಸರಿದರೆ, ಹೊಲಿಗೆ ಬಿಟ್ಟುಕೊಂಡರೆ, ಜ್ವರ ೧೦೦ ಡಿಗ್ರಿ ದಾಟಿದರೆ, ಇವುಗಳಲ್ಲಿ ಒಂದಾದರೂ ಸಾಕು, ಶಸ್ತ್ರಕ್ರಿಯೆ ಮಾಡಿದ ವೈದ್ಯರಲ್ಲಿಗೆ ಹೋಗಬೇಕು. ಚಳಿ ನಡುಕ, ಏದುಸಿರು, ಮಾತಿನ ತೊದಲು, ಮೂತ್ರ ಕಡಿಮೆಯಾಗುವುದು, ಇವು ಕಂಡರೆ ನಂಜು ರಕ್ತಕ್ಕೇರಿರಬಹುದು; ಆಗ ಒಂದೊಂದು ಗಂಟೆಯೂ ಅಮೂಲ್ಯ. ಹೊಲಿಗೆ ಬಿಚ್ಚಿದ ದಿನಕ್ಕೆ ಎಲ್ಲವೂ ಮುಗಿಯಿತೆಂದೂ ತಿಳಿಯಬೇಡಿ. ಸೋಂಕು ಒಂದು ತಿಂಗಳೊಳಗೆ ಯಾವಾಗಲಾದರೂ ತಲೆದೋರಬಹುದು. ಹರ್ನಿಯಾದ ಬಲೆ, ಮೊಳೆಮುರಿತಕ್ಕೆ ಕೂರಿಸಿದ ಲೋಹದ ಪಟ್ಟಿಗಳಂತಹ ವಸ್ತುಗಳನ್ನು ಒಳಗಿಟ್ಟಿದ್ದರೆ ಮೂರು ತಿಂಗಳ ತನಕ ಕಣ್ಣಿಟ್ಟಿರಬೇಕು. ದಿನಕ್ಕೊಮ್ಮೆ ಗಾಯದ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡರೆ ಕೆಂಪು ಹರಡಿತೋ ಇಲ್ಲವೋ ಎಂಬ ಮನೆಮಂದಿಯ ಚರ್ಚೆಗೆ ಅವಕಾಶವಿರುವುದಿಲ್ಲ.

ಇನ್ನು ಚಿಕಿತ್ಸೆ. ಕೀವು ಕಟ್ಟಿದ ಗಾಯಕ್ಕೆ ಮೊದಲ ಮದ್ದು ಮಾತ್ರೆಯಲ್ಲ, ಕೀವನ್ನು ಹೊರಗೆ ಬಿಡುವುದು. ಮಾತ್ರೆಯ ಔಷಧ ರಕ್ತದ ಮೂಲಕ ಹೋಗಬೇಕು. ಕೀವಿನ ಗಡ್ಡೆಯೊಳಕ್ಕೆ ರಕ್ತವೇ ಹರಿಯದಿರುವಾಗ ಔಷಧ ಹೋಗುವುದೆಂತು? ವೈದ್ಯರು ಒಂದೆರಡು ಹೊಲಿಗೆಗಳನ್ನು ಬಿಚ್ಚಿ, ತೊಳೆದು, ಗಾಯವನ್ನು ತೆರೆದೇ ಬಿಟ್ಟು ಪಟ್ಟಿ ಹಾಕುತ್ತಾರೆ. ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಮೇಲೆ ಮುಚ್ಚಿ ಒಳಗೆ ಹುಳುಕಿರಬಾರದು. ಕೀವನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಅದರಲ್ಲಿರುವ ಸೂಕ್ಷ್ಮಜೀವಿಯನ್ನು ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆಂದು ನೋಡುತ್ತಾರೆ. ಎರಡು ಮೂರು ದಿನಗಳಾದರೂ ಇದಕ್ಕೆ ಬೇಕು. ಸೋಂಕು ಸುತ್ತಲ ಚರ್ಮಕ್ಕೆ ಹರಡಿದ್ದರೆ ಅಥವಾ ಜ್ವರವಿದ್ದರೆ ಔಷಧವನ್ನು ಕೂಡಲೆ ಆರಂಭಿಸಿ, ವರದಿ ಬಂದ ಮೇಲೆ ಬೇಕಾದರೆ ಬದಲಾಯಿಸುತ್ತಾರೆ.

ಉಳಿದ ಮಾತ್ರೆ ಕೇಡುಮಾಡುವುದು ಇಲ್ಲಿಯೇ. ಪೆನಿಸಿಲಿನ್ನನ್ನು ೧೯೨೮ರಲ್ಲಿ ಕಂಡುಹಿಡಿದ ಫ್ಲೆಮಿಂಗನೇ ೧೯೪೫ರಲ್ಲಿ ನೊಬೆಲ್ ಪಾರಿತೋಷಕ ಪಡೆದಾಗ ಮಾಡಿದ ಭಾಷಣದಲ್ಲಿ ಇದನ್ನು ಎಚ್ಚರಿಸಿದ್ದ: ಸಾಲದಷ್ಟು ಔಷಧ ಕೊಟ್ಟರೆ ಸೂಕ್ಷ್ಮಜೀವಿ ಸಾಯುವುದಿಲ್ಲ, ಔಷಧವನ್ನು ಎದುರಿಸಲು ಕಲಿಯುತ್ತದೆ ಎಂದು. ನಮ್ಮ ರೈತರು ನುಂಗಿದ ನಾಲ್ಕು ಕ್ಯಾಪ್ಸೂಲುಗಳು ಬಹುಶಃ ಬೇರಾವುದೋ ರೋಗದವು. ಅವು ಮಾಡಿದ ಕೆಲಸವೆಂದರೆ ಜ್ವರವನ್ನು ಒಂದು ದಿನ ಮರೆಸಿದುದು, ಆಸ್ಪತ್ರೆಗೆ ಹೋಗುವುದನ್ನು ಮೂರು ದಿನ ತಡಮಾಡಿದುದು. ೨೦೧೪ರ ಮಾರ್ಚಿನಿಂದ ಹಲವು ಪ್ರತಿಜೈವಿಕ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದುದನ್ನು ಪುಸ್ತಕದಲ್ಲಿ ಬರೆದಿಡಬೇಕು ಎಂಬ ಕಾನೂನು ಜಾರಿಯಲ್ಲಿದೆ. ಭಾವಮೈದುನನ ಬೀರುವಿಗೆ ಯಾವ ಕಾನೂನೂ ಮುಟ್ಟದು.

ಅವರ ಗಾಯವನ್ನು ತೆರೆದು ತೊಳೆದರು. ಒಳಗಿನ ಬಲೆಗೆ ನಂಜು ತಗಲಿರಲಿಲ್ಲ. ತಗಲಿದ್ದರೆ ಮತ್ತೊಂದು ಶಸ್ತ್ರಕ್ರಿಯೆ ಬೇಕಾಗುತ್ತಿತ್ತಂತೆ. ಐದು ವಾರ ದಿನ ಬಿಟ್ಟು ದಿನ ಪಟ್ಟಿ ಬದಲಾಯಿಸಬೇಕಾಯಿತು. ಅಡಿಕೆ ಕೊಯ್ಲಿನ ಕಾಲದಲ್ಲಿ ಅವರು ಮನೆಯ ಜಗಲಿಯಲ್ಲಿ ಕುಳಿತು ಆಳುಗಳ ಲೆಕ್ಕ ಬರೆದರು. ನಾನು ಎರಡನೆಯ ಸಲ ಹೋದಾಗ ಹೆಸರುಕಾಳಿನ ಸಾರು, ಮೊಟ್ಟೆ ಅವರ ತಟ್ಟೆಯಲ್ಲಿದ್ದವು. ಗಾಯ ಹೇಗಿದೆಯೆಂದು ನಾನು ಕೇಳಿ ಹತ್ತಿರ ಹೋಗುವಷ್ಟರಲ್ಲಿ ತಾಯಿ ಬಾಗಿಲಲ್ಲಿ ಅಡ್ಡ ನಿಂತು, "ಮೇಷ್ಟ್ರೇ, ಸೋಪು 'ಬಚ್ಚಲ ಮನೇಲಿ' ಐತೆ" ಎಂದರು.